ಥರ್ಮೋಕಪಲ್ ತಾಪಮಾಪಕ
ಎರಡು ಬೇರೆ ಬೇರೆ ಲೋಹದ ತಂತಿಗಳ ಬೆಸುಗೆಗೂ ಅವುಗಳ ಇನ್ನೊಂದು ಕೊನೆಗೂ ಇರುವ ಉಷ್ಣತೆಯ ಅಂತರದಿಂದ ಹುಟ್ಟುವ ವೋಲ್ಟೇಜನ್ನು ಅಳೆದು, ತಾಪವನ್ನು ಅಂಕಿಗಳಲ್ಲಿ ತೋರಿಸುವ ಕೈ ಉಪಕರಣ. ಮೂಲತತ್ತ್ವವನ್ನು 1821ರಲ್ಲಿ ಥಾಮಸ್ ಸೀಬೆಕ್ ಗುರುತಿಸಿದ. ಹೆಚ್ಚು ಬಳಕೆಯಲ್ಲಿರುವ ಕೆ ಮಾದರಿಯಲ್ಲಿ ಕ್ರೋಮೆಲ್, ಅಲ್ಯುಮೆಲ್ ತಂತಿಗಳಿದ್ದು, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೊವೋಲ್ಟ್ ದೊರೆಯುತ್ತದೆ. ಉಪಕರಣ ತನ್ನ ಒಳಗಿನ ತಾಪವನ್ನೂ ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಎಸಿ ಕೋಣೆಯಿಂದ ಕುಲುಮೆಯ ಬಳಿಗೆ ತಂದ ಕೂಡಲೇ ಅಳೆಯದೆ, ಅಲ್ಲಿನ ಹವೆಗೆ ಅದು ಹೊಂದಿಕೊಳ್ಳಲು ಬಿಡಬೇಕು.

ತಂತಿಗಳನ್ನು ಉಪಕರಣಕ್ಕೆ ಸಿಕ್ಕಿಸುವ ಪ್ಲಗ್ಗಿನ ಅಗಲವಾದ ಪಿನ್ ಋಣ. ತಂತಿಗಳು ಅದಲುಬದಲಾದರೆ ತುದಿ ಕಾದಷ್ಟೂ ಅಂಕಿ ಇಳಿಯುತ್ತದೆ. ತಂತಿಯನ್ನು ಉದ್ದ ಮಾಡಲು ಅದೇ ಮಾದರಿಯದೇ ಬೇಕು. ಮಾಮೂಲಿ ತಾಮ್ರದ ತಂತಿ ಅಳತೆ ಕೆಡಿಸುತ್ತದೆ.

ಸಂಶಯ ಬಂದಾಗ ಪುಡಿ ಮಾಡಿದ ಮಂಜುಗಡ್ಡೆಯನ್ನು ನೀರಿನಲ್ಲಿ ಕಲಸಿ ತುದಿಯನ್ನು ಅದ್ದಿದರೆ 0 ಡಿಗ್ರಿಯ ಆಸುಪಾಸು ತೋರಿಸಬೇಕು. ಇದೇ ಅತ್ಯಂತ ನಂಬಿಕೆಯ ಮನೆಪರೀಕ್ಷೆ. ಕುದಿನೀರಿನಲ್ಲಿ ಪರೀಕ್ಷಿಸುವವರು ಊರಿನ ಎತ್ತರವನ್ನು ಮರೆಯಬಾರದು: ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅತಿ ಶಾಖದಲ್ಲಿ ದುಡಿದ ಪ್ರೋಬ್ (ತುದಿ ಸಮೇತ ತಂತಿ) ಕ್ರಮೇಣ ತಪ್ಪು ತೋರಿಸತೊಡಗುತ್ತದೆ. ಅದನ್ನು ಬದಲಿಸುವುದೇ ಸರಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಬೇಕು.