ಕೋವಿ, ಗಾಯ ಮತ್ತು ಆಸ್ಪತ್ರೆಯ ದೂರ: ಕೊಡಗಿನ ಹವ್ಯಾಸಿ ಕೋವಿಗಾರರಿಗೆ ಪ್ರಥಮ ಚಿಕಿತ್ಸೆ ಏಕೆ ಬೇಕು?

ಕೊಡಗಿನ ಕೋವಿಯ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಮತ್ತು ಎಂ.ಎನ್. ಶ್ರೀನಿವಾಸರ 1952ರ ಅಧ್ಯಯನದಿಂದ ಈಚೆಗೆ ಕೊಡವ ಆಚರಣೆಗಳ ವಿವರ ಸಾಕಷ್ಟು ದಾಖಲಾಗಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೆ ಗುಂಡು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ, ಬಳಿಕ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕಾನೂನಿನ ಕಡೆಯೂ ಚಿತ್ರ ಸ್ಪಷ್ಟ. ಕೊಡವರಿಗೆ ಮತ್ತು ಪರಂಪರಾಗತ ಜಮ್ಮಾ ಭೂಮಿಯ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ಸೆಕ್ಷನ್‌ಗಳಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು.

ಈ ಚರ್ಚೆಯಲ್ಲೆಲ್ಲ ಕೋವಿಯೆಂದರೆ ಹಕ್ಕು, ಕೋವಿಯೆಂದರೆ ಗೌರವ. ಕೋವಿಯಿಂದಾದ ಗಾಯ ಮಾತ್ರ ಪತ್ರಿಕೆಯ ಜಿಲ್ಲಾ ಪುಟದ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ: ‘ಮಿಸ್‌ಫೈರ್ ಆಗಿ ವ್ಯಕ್ತಿಗೆ ಗಾಯ’. ಬಂದೂಕಿನ ಕಸುಬುದಾರರಿಗೆ ಮಿಸ್‌ಫೈರ್ ಎಂದರೆ ಕುದುರೆ ಎಳೆದರೂ ಗುಂಡು ಹಾರದಿರುವುದು; ನಮ್ಮ ವರದಿಗಾರರಿಗೆ ಬೇಡವಾದಾಗ ಹಾರುವುದು. ಈ ಒಂದು ಪದದ ಮರೆಯಲ್ಲಿ ಯಾರ ಕೈಯಲ್ಲಿ, ಎಷ್ಟು ದೂರದಿಂದ, ದೇಹದ ಯಾವ ಭಾಗಕ್ಕೆ ಎಂಬ ಪ್ರಶ್ನೆಗಳೆಲ್ಲ ಅಡಗಿಹೋಗುತ್ತವೆ. ಈ ಲೇಖನಕ್ಕೆ ಬೇಕಾಗಿರುವುದು ಆ ಪ್ರಶ್ನೆಗಳೇ.

ಮೊದಲು ಒಂದು ಕಾನೂನಿನ ಸಂಗತಿ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರದ ಷರತ್ತು ಹಾಕಿವೆ. ಪರವಾನಗಿಯೇ ಬೇಡದವನು ಆ ಬಾಗಿಲಿಗೆ ಬರುವುದಿಲ್ಲ. ಹೋಲಿಕೆಗೆ 1948ರ ಕಾರ್ಖಾನೆ ಕಾಯ್ದೆಯನ್ನು ನೋಡಬಹುದು.  ಅದರ 45ನೇ ಸೆಕ್ಷನ್ ಪ್ರತಿ 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಅದು ತರಬೇತಿಯ ಪ್ರಮಾಣಪತ್ರವುಳ್ಳವರ ಸುಪರ್ದಿಯಲ್ಲಿರಬೇಕು ಎಂದಿತ್ತು. ಲೇತ್ ಯಂತ್ರದ ಮುಂದೆ ನಿಂತವನಿಗೆ ಈ ಏರ್ಪಾಟು. ಹನ್ನೆರಡು ಬೋರ್ ಕೋವಿ ಹಿಡಿದು ಸಾಲಿನಲ್ಲಿ ನಿಂತವನಿಗೆ ಅವನ ಎಚ್ಚರವೊಂದೇ.

ವಿವಾದದ ಅಂಶ ಇನ್ನು ಮುಂದಿನದು. ಗುಂಡೇಟಾದವನನ್ನು ಅಲ್ಲಿಯೇ ಉಪಚರಿಸಬೇಕೆ, ಎತ್ತಿಕೊಂಡು ಓಡಬೇಕೆ? ಬಾಲ್ಟಿಮೋರಿನ ವೈದ್ಯ ಆರ್. ಆಡಮ್ಸ್ ಕೌಲಿ ಪ್ರಚಾರಕ್ಕೆ ತಂದ ‘ಗೋಲ್ಡನ್ ಅವರ್’ ಕಲ್ಪನೆಗೆ ಗಟ್ಟಿ ಪುರಾವೆಯಿಲ್ಲವೆಂದು ಲರ್ನರ್ ಮತ್ತು ಮೊಸ್ಕಾಟಿ 2001ರಲ್ಲೇ ತೋರಿಸಿದರು. ಬ್ಯಾಂಡ್ ಮತ್ತು ಸಂಗಡಿಗರ 2014ರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವರು 2003ರಿಂದ 2007ರವರೆಗೆ ಫಿಲಡೆಲ್ಫಿಯಾದಲ್ಲಿ ಗುಂಡು ಅಥವಾ ಚೂರಿಯಿಂದ ಗಾಯಗೊಂಡ 4,122 ಮಂದಿಯನ್ನು ಪರಿಶೀಲಿಸಿದರು. ಪೊಲೀಸರು ತಮ್ಮ ವಾಹನದಲ್ಲಿ ಹಾಕಿಕೊಂಡು ಹೋದವರಿಗೂ ಆಂಬುಲೆನ್ಸ್‌ನಲ್ಲಿ ಹೋದವರಿಗೂ, ಗಾಯದ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದರಿಂದ ‘ಸ್ಥಳದಲ್ಲಿ ಏನು ಮಾಡಿದರೂ ವ್ಯರ್ಥ, ಗಾಡಿ ಹತ್ತಿಸಿ’ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ನನ್ನ ಭಿನ್ನಮತ ಆ ಅಧ್ಯಯನದ ಜೊತೆಗಲ್ಲ, ಈ ತೀರ್ಮಾನದ ಜೊತೆಗೆ.

ಫಿಲಡೆಲ್ಫಿಯಾದಲ್ಲಿ ದೊಡ್ಡ ಟ್ರಾಮಾ ಆಸ್ಪತ್ರೆ ನಿಮಿಷಗಳ ದೂರದಲ್ಲಿದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕೂ ಹೆಚ್ಚು. ಕೊಡಗಿಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ಅಭಿಯಾನ ನಡೆದದ್ದು ಈ ದೂರದ ಕಾರಣಕ್ಕೇ. ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರ, ಮಳೆಯ ಬಾಲ ಇನ್ನೂ ಮುಗಿದಿರುವುದಿಲ್ಲ. 2018ರ ಆಗಸ್ಟ್ ಭೂಕುಸಿತದಲ್ಲಿ ಸಂಪಾಜೆ ಘಾಟಿಯ ರಸ್ತೆಯೇ ಕಡಿದುಹೋಗಿತ್ತು. ತೊಡೆಯ ದೊಡ್ಡ ರಕ್ತನಾಳ ತುಂಡಾದವನು ರಕ್ತ ನಿಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಅವನ ಮಟ್ಟಿಗೆ ‘ಓಡು’ ಎಂಬ ಸಲಹೆ ಹೆಣವನ್ನು ಬೇಗ ಮುಟ್ಟಿಸುವ ಸಲಹೆಯಾದೀತು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಈಸ್ಟ್‌ರಿಜ್ ತಂಡ 2001ರಿಂದ 2011ರವರೆಗಿನ 4,596 ಅಮೆರಿಕನ್ ಸೈನಿಕರ ಯುದ್ಧಭೂಮಿಯ ಸಾವುಗಳನ್ನು ಪರಿಶೀಲಿಸಿತು. ಬದುಕಬಹುದಾಗಿದ್ದೂ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತವರಲ್ಲಿ ಸುಮಾರು 91% ಮಂದಿ ರಕ್ತಸ್ರಾವದಿಂದ ಸತ್ತಿದ್ದರು. ಆದರೆ ಆ ರಕ್ತಸ್ರಾವದಲ್ಲಿ ಕೈಕಾಲಿನದು 13.5% ಮಾತ್ರ, ಮುಂಡದ್ದು 67.3%. ಎದೆ, ಹೊಟ್ಟೆಗೆ ಪಟ್ಟಿ ಬಿಗಿಯಲಾಗುವುದಿಲ್ಲ. ಹಾಗಾದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿಯನ್ನು, ಅಂದರೆ ಟೂರ್ನಿಕೆಟ್ಟನ್ನು, ಕಟ್ಟಲು ಕಲಿತು ಏನು ಫಲ?

ಈ ಅಂಕಿಯನ್ನು ಓದುವಾಗ ಎರಡು ಎಚ್ಚರ ಬೇಕು. ಮೊದಲನೆಯದಾಗಿ ಇದು ಸತ್ತವರ ಪಟ್ಟಿ. ಕಾಲಿಗೆ ಪಟ್ಟಿ ಬಿಗಿದು ಬದುಕಿದವರು ಇದರಲ್ಲಿಲ್ಲ. ಅದೇ ಅಧ್ಯಯನದ ಪ್ರಕಾರ ಟೂರ್ನಿಕೆಟ್ ಬಳಕೆ ವ್ಯಾಪಕವಾದಂತೆ ಕೈಕಾಲಿನ ರಕ್ತಸ್ರಾವದ ಸಾವು ವರ್ಷಕ್ಕೆ 23.3ರಿಂದ 3.5ಕ್ಕೆ ಇಳಿಯಿತು. ಔಷಧ ಕೆಲಸ ಮಾಡಿ ಕಡಿಮೆಯಾದ ರೋಗವನ್ನು ತೋರಿಸಿ ಔಷಧವೇ ಬೇಡವೆಂದಂತಾಯಿತು ಈ ಆಕ್ಷೇಪ. ಎರಡನೆಯದಾಗಿ ಸೈನಿಕನ ಗಾಯವೇ ಬೇರೆ, ಹವ್ಯಾಸಿಯ ಗಾಯವೇ ಬೇರೆ. ಸೈನಿಕನನ್ನು ಕೊಲ್ಲಲೆಂದೇ ಗುರಿಯಿಟ್ಟವನೊಬ್ಬ ಎದುರಿಗಿರುತ್ತಾನೆ. ಹವ್ಯಾಸಿಯ ಕೋವಿ ಸಿಡಿಯುವುದು ಬೇಲಿ ದಾಟುವಾಗ, ಜೀಪಿನಿಂದ ಇಳಿಸುವಾಗ, ನಳಿಗೆಯ ತುದಿ ಹಿಡಿದು ಎಳೆಯುವಾಗ. ಹತ್ತಿರ ಇರುವುದು ಕೈ, ಪಾದ, ತೊಡೆ. ಶರ್ಮನ್ ಮತ್ತು ಪ್ಯಾರಿಶ್ 1963ರಲ್ಲಿ ಚರೆಕೋವಿಯ ಗಾಯಗಳನ್ನು ದೂರದ ಮೇಲೆ ಮೂರಾಗಿ ವಿಂಗಡಿಸಿದರು. ಏಳು ಗಜದಾಚೆ ಚರೆ ಹೆಚ್ಚಾಗಿ ಚರ್ಮದಡಿ ನಿಲ್ಲುತ್ತದೆ. ಮೂರು ಗಜದೊಳಗೆ ಚರೆಯೆಲ್ಲ ಒಂದೇ ಮುದ್ದೆಯಾಗಿ ನುಗ್ಗಿ ಮಾಂಸ, ಮೂಳೆಗಳನ್ನು ಚಿಂದಿ ಮಾಡುತ್ತದೆ. ಆಕಸ್ಮಿಕ ಗುಂಡು ಹೆಚ್ಚಾಗಿ ಈ ಮೂರು ಗಜದೊಳಗಿನದಿರಬೇಕು.

ಇಲ್ಲಿಂದ ನಾನು ಎತ್ತುವ ವಾದ ಇದು: ಕೊಡಗಿನ ಹವ್ಯಾಸಿ ಕೋವಿಗಾರರ ನಡುವೆ ಸ್ಥಳದಲ್ಲೇ ರಕ್ತ ನಿಲ್ಲಿಸಬಹುದಾದ ಗಾಯಗಳ ಪಾಲು ಯುದ್ಧಭೂಮಿಯ 13.5%ಗಿಂತ ಸಾಕಷ್ಟು ಹೆಚ್ಚಿರಬೇಕು. ‘ಇರಬೇಕು’ ಎಂದಷ್ಟೇ ಹೇಳುತ್ತೇನೆ. ಇದು ಕೋವಿ ಹಿಡಿಯುವ ರೀತಿಯಿಂದ ಮಾಡಿದ ಊಹೆ, ಎಣಿಸಿದ ಲೆಕ್ಕವಲ್ಲ. ಹಂದಿಯೆಂದು ಭ್ರಮಿಸಿ ಪೊದೆಗೆ ಹೊಡೆದ ಗುಂಡಿಗೂ ಈ ಮಾತು ಅನ್ವಯಿಸದು. ಅದು ಗುರಿಯಿಟ್ಟ ಗುಂಡು, ಮುಂಡಕ್ಕೆ ಬೀಳುವ ಸಂಭವವೇ ಹೆಚ್ಚು. ಅಲ್ಲಿ ‘ಓಡು’ ಎನ್ನುವವರ ಮಾತೇ ಸರಿ. ಯಾವ ಗಾಯಕ್ಕೆ ನಿಲ್ಲಬೇಕು, ಯಾವುದಕ್ಕೆ ಓಡಬೇಕು ಎಂದು ಅರ್ಧ ನಿಮಿಷದಲ್ಲಿ ಗುರುತಿಸುವುದೂ ಕಲಿಯಬೇಕಾದ ವಿದ್ಯೆಯೇ.

ಕಲಿಯದಿದ್ದರೆ ಏನಾಗುತ್ತದೆ? ಕಾಫಿ ನಾಡಿನ ಮನೆಗಳಲ್ಲಿ ರಕ್ತ ಕಂಡೊಡನೆ ಕೈ ಹೋಗುವುದು ಕಾಫಿಪುಡಿಯ ಡಬ್ಬಿಗೆ. ಬೆರಳು ಕುಯ್ದುಕೊಂಡರೆ ನಡೆದೀತು. ಚಿಮ್ಮುವ ರಕ್ತನಾಳಕ್ಕೆ ಪುಡಿ ಸುರಿದರೆ ಒತ್ತಬೇಕಾದ ಜಾಗವೇ ಕಾಣದಂತೆ ಕೆಸರಾಗುತ್ತದೆ. ಇನ್ನೊಬ್ಬರು ಟವೆಲ್ ಕಟ್ಟುತ್ತಾರೆ, ಆದರೆ ಸಡಿಲವಾಗಿ. ಸಡಿಲ ಕಟ್ಟು ಹೊರಗಿನ ಅಭಿಧಮನಿಯನ್ನಷ್ಟೇ ಒತ್ತುತ್ತದೆ. ಒಳಗಿನ ಧಮನಿ ರಕ್ತ ತಳ್ಳುತ್ತಲೇ ಇರುತ್ತದೆ. ಹಿಂದಿರುಗುವ ದಾರಿ ಮುಚ್ಚಿದ್ದರಿಂದ ಸ್ರಾವ ಮೊದಲಿಗಿಂತ ಜೋರಾಗುತ್ತದೆ. ಬಟ್ಟೆಯನ್ನು ಎರಡು ಬೆರಳಗಲಕ್ಕೆ ಮಡಿಸಿ, ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು ಕಟ್ಟಿ, ಗಂಟಿಗೆ ಗಟ್ಟಿ ಕಡ್ಡಿ ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಪಬೇಕು. ಕೊಡವ ಉಡುಪಿನ ಸೊಂಟಪಟ್ಟಿಯಾದ ರೇಷ್ಮೆ ಚೇಲೆ ಇದಕ್ಕೆ ಒದಗದು, ಗಂಟು ಜಾರುತ್ತದೆ; ಹತ್ತಿಯ ಪಂಚೆಯ ಅಂಚು ವಾಸಿ. ಸ್ಪರ್ಧೆಯೊಂದರಲ್ಲಿ ಸಂಘಟಕರ ಮೇಜಿನ ಕೆಳಗಿದ್ದ ಪೆಟ್ಟಿಗೆಯನ್ನು ಕೇಳಿ ತೆರೆಸಿ ನೋಡಿದ್ದೆ: ಹತ್ತಿ, ಡೆಟಾಲ್, ಬ್ಯಾಂಡ್‌ಏಡ್, ತಲೆನೋವಿನ ಮಾತ್ರೆ. ಎದುರಿಗೆ ನಲವತ್ತು ಕೋವಿಗಳಿದ್ದವು.

ಪಟ್ಟಿ ಎರಡು ಗಂಟೆ ಮೀರಿದರೆ ಅಂಗಕ್ಕೆ ಅಪಾಯ, ಮೈಸೂರಿನ ದಾರಿ ಅದಕ್ಕೂ ಉದ್ದ ಎಂಬ ಆತಂಕ ನ್ಯಾಯವಾದದ್ದೇ. ಬಾಗ್ದಾದ್‌ನ ಸೇನಾ ಆಸ್ಪತ್ರೆಯಲ್ಲಿ ಕ್ರಾಗ್ ತಂಡ ನೋಡಿದ 232 ರೋಗಿಗಳಲ್ಲಿ, ಆಘಾತಸ್ಥಿತಿಗೆ ಹೋಗುವ ಮೊದಲೇ ಪಟ್ಟಿ ಬಿದ್ದವರ ಪೈಕಿ 90% ಬದುಕಿದರು, ಆಮೇಲೆ ಬಿದ್ದವರಲ್ಲಿ 10%. ಪಟ್ಟಿಯೊಂದರಿಂದಲೇ ಯಾರೂ ಅಂಗ ಕಳೆದುಕೊಳ್ಳಲಿಲ್ಲ. ಅಲ್ಲಿ ಶಸ್ತ್ರಚಿಕಿತ್ಸೆ ಹತ್ತಿರವಿತ್ತೆಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಪಟ್ಟಿ ಬಿಗಿದ ಗಾಡಿ ನೇರ ಮೈಸೂರಿಗಲ್ಲ, ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಬಿಗಿದ ಹೊತ್ತನ್ನು ಪಟ್ಟಿಯ ಮೇಲೇ ಬರೆದಿರಬೇಕು.

ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವವರಿಗೆ ಪೊಲೀಸ್ ಕೇಸಿನ ಭಯವೂ ಇದೆ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಪೊಲೀಸರಿಗಾಗಿ ಕಾಯದೆ ಚಿಕಿತ್ಸೆ ಆರಂಭಿಸುವುದು ವೈದ್ಯರ ಕರ್ತವ್ಯವೆಂದಿತು. ನೆರವಿಗೆ ಬಂದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಕೊಡುವ ರಕ್ಷಣೆ ವಾಹನ ಅಪಘಾತಕ್ಕೆ ಸೀಮಿತ, ಕೋವಿಯ ಗಾಯಕ್ಕೆ ಅದು ಒದಗುವುದಿಲ್ಲ. ಕಾಡಿನ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಅಪರಾಧವಾಗಿರುವುದರಿಂದ ಅಲ್ಲಿ ಗಾಯವಾದರೆ ಮುಚ್ಚಿಡುವ ಒತ್ತಡ ಇನ್ನೂ ಹೆಚ್ಚು.

2029ರಲ್ಲಿ ವಿನಾಯಿತಿ ಮತ್ತೆ ಪರಿಶೀಲನೆಗೆ ಬರುತ್ತದೆ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಆಗ ಷರತ್ತಾಗಿ ಸೇರಿಸಬಹುದೆಂದು ಮೊದಲು ನನಗೂ ಅನ್ನಿಸಿತ್ತು. ಈಗ ಅಷ್ಟು ಖಚಿತವಿಲ್ಲ. ಗೌರವದ ಸಂಗತಿಗೆ ಸರ್ಕಾರ ಹಾಕುವ ಷರತ್ತು ಗಾಯವನ್ನು ಇನ್ನಷ್ಟು ಮುಚ್ಚಿಡಲು ಪ್ರೇರೇಪಿಸೀತು. ಕೊಡವ ಸಮಾಜಗಳೂ ಸ್ಪರ್ಧೆಯ ಸಂಘಟಕರೂ ತಾವಾಗಿ ಕೈಗೆತ್ತಿಕೊಂಡರೆ ಬೇರೆ ಮಾತು. ಅದಕ್ಕೂ ಮುನ್ನ ಪೊಲೀಸ್ ಠಾಣೆ ಮತ್ತು ಆಸ್ಪತ್ರೆಯ ದಾಖಲೆಗಳಿಂದ ಗಾಯದ ಜಾಗ, ಗುಂಡಿನ ದೂರ, ಆಸ್ಪತ್ರೆ ಮುಟ್ಟಿದ ಹೊತ್ತು ಎಂಬ ಮೂರು ವಿವರಗಳನ್ನು ಯಾರಾದರೂ ವರ್ಷವಾರು ಹೆಕ್ಕಿ ತೆಗೆಯಬೇಕು. ಮುಂಡದ ಗಾಯಗಳೇ ಹೆಚ್ಚೆಂದು ಅದರಿಂದ ಕಂಡುಬಂದರೆ ಮೇಲಿನ ನನ್ನ ವಾದವನ್ನು ತಿದ್ದಿಕೊಳ್ಳಬೇಕಾಗುತ್ತದೆ.