ಪೀಪಾಯಿಯ ಲೆಕ್ಕದಲ್ಲಿ ಕಟ್ಟಿದ ನಿಲ್ದಾಣ

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲ್ವೆ ನಿಲ್ದಾಣದ ಪ್ರಸ್ತಾಪ ಬಂದರೆ ಎಲ್ಲರೂ ಹೊಗಳುವುದು ಅದರ ಚಾವಣಿಯನ್ನು. ಹೊಗಳತಕ್ಕದ್ದೇ. 240 ಅಡಿ ಅಗಲ, ಸುಮಾರು ನೂರಡಿ ಎತ್ತರ. ನಡುವೆ ಒಂದು ಕಂಬವೂ ಇಲ್ಲ. 1868ರಲ್ಲಿ ಬಾರ್ಲೋ ಎಂಬ ಇಂಜಿನಿಯರು ಅದನ್ನು ಕಟ್ಟಿ ಮುಗಿಸಿದಾಗ, ಒಂದೇ ಕಮಾನಿನ ಅಷ್ಟಗಲದ ಚಾವಣಿ ಜಗತ್ತಿನಲ್ಲಿ ಬೇರೊಂದಿರಲಿಲ್ಲ. ಆದರೆ ನನ್ನ ಕುತೂಹಲವೆಲ್ಲ, ಇಂದು ಅಂಗಡಿ ಬೀದಿಯಾಗಿರುವ ಅದರ ನೆಲಮಾಳಿಗೆಯ ಮೇಲೆ.

ಉತ್ತರದಿಂದ ಬರುವ ಹಳಿಗಳು ರೀಜೆಂಟ್ಸ್ ಕಾಲುವೆಯನ್ನು ಮೇಲಿನಿಂದ ದಾಟಬೇಕಾಗಿತ್ತು. ಹೀಗಾಗಿ ನಿಲ್ದಾಣಕ್ಕೆ ಬರುವ ಹೊತ್ತಿಗೆ ಅವು ಬೀದಿಗಿಂತ ಸುಮಾರು ಮೂರಾಳೆತ್ತರದಲ್ಲಿದ್ದವು. ಕೆಳಗೆ ಉಳಿದ ಜಾಗಕ್ಕೆ ಮಣ್ಣು ತುಂಬಿಬಿಡುವುದೆಂದು ಮೊದಲ ಆಲೋಚನೆ. ಆದರೆ ಮಿಡ್ಲೆಂಡ್ ರೈಲ್ವೆ ಕಂಪನಿಯವರು ವ್ಯಾಪಾರ ಬಲ್ಲವರು. ಬರ್ಟನ್ ಊರಿನ ಬೀರು ಅವರ ಗಾಡಿಗಳಲ್ಲೇ ಲಂಡನ್ನಿಗೆ ಬರುತ್ತಿತ್ತು. ಅದಕ್ಕೊಂದು ಉಗ್ರಾಣ ಬೇಕಿತ್ತು. ಸರಿ, ನೂರಾರು ಬೀಡುಕಬ್ಬಿಣದ ಕಂಬಗಳು ನಿಂತವು. ಕಂಬದಿಂದ ಕಂಬಕ್ಕೆ ಎಷ್ಟು ದೂರ? ಪೀಪಾಯಿಗಳನ್ನು ಸಾಲಾಗಿಡಲು ಒದಗುವಷ್ಟು! ಬೀರಿನ ಪೀಪಾಯಿಯೇ ಅಳತೆಗೋಲಾಯಿತು. ಮೇಲಿನ ಕಮಾನಿನ ಕಾಲುಗಳು ಹೊರಕ್ಕೆ ಜಾರದಂತೆ ಬಿಗಿಹಿಡಿದಿರುವುದೂ ಈ ನೆಲಮಾಳಿಗೆಯ ಮೇಲೆ ಹಾಸಿದ ಕಬ್ಬಿಣದ ತೊಲೆಗಳೇ.

ನಿಲ್ದಾಣದ ಮುಂದೆ ಗಿಲ್ಬರ್ಟ್ ಸ್ಕಾಟ್ ಕಟ್ಟಿದ ಕೆಂಪಿಟ್ಟಿಗೆಯ ಹೋಟೆಲು 1873ರಲ್ಲಿ ತೆರೆದು 1935ರಲ್ಲಿ ಮುಚ್ಚಿತು. ಕೋಣೆಗೊಂದು ಬಚ್ಚಲುಮನೆಯಿಲ್ಲದ ಅರಮನೆ ಅದು. 1960ರ ದಶಕದಲ್ಲಿ ಎಲ್ಲವನ್ನೂ ಕೆಡವುವ ಮಾತು ಹುಟ್ಟಿತು. ಸಮೀಪದ ಯೂಸ್ಟನ್ ನಿಲ್ದಾಣದ ಕಲ್ಲಿನ ಮಹಾದ್ವಾರವನ್ನು 1961-62ರಲ್ಲಿ ಉರುಳಿಸಿಯಾಗಿತ್ತು. ಆ ಗಾಯ ಇನ್ನೂ ಹಸಿಯಾಗಿದ್ದುದರಿಂದಲೇ ಇರಬೇಕು, ಕವಿ ಜಾನ್ ಬೆಟ್ಜಮನ್ ಮೊದಲಾದವರ ಕೂಗಿಗೆ ಈ ಸಲ ಬೆಲೆ ಬಂತು. 1967ರಲ್ಲಿ ನಿಲ್ದಾಣವೂ ಹೋಟೆಲೂ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದವು.

ಕೆಡವದೆ ಬಿಟ್ಟರಾಯಿತೆ? ಉಳಿದದ್ದಕ್ಕೆ ಕೆಲಸವೂ ಬೇಕಲ್ಲ. ಕಡಲಡಿಯ ಸುರಂಗದಲ್ಲಿ ಪ್ಯಾರಿಸ್, ಬ್ರಸೆಲ್ಸ್ ಕಡೆಗೆ ಓಡುವ ಯೂರೋಸ್ಟಾರ್ ಗಾಡಿಗಳು 2007ರ ನವೆಂಬರ್ 14ರಿಂದ ಇಲ್ಲಿಂದ ಹೊರಡತೊಡಗಿದವು. ನಾನೂರು ಮೀಟರ್ ಉದ್ದದ ಗಾಡಿ ಹಳೆಯ ಚಾವಣಿಯಡಿ ಹಿಡಿಸದೆ, ಉತ್ತರಕ್ಕೆ ಚಪ್ಪಟೆಯಾದ ಹೊಸ ಸೂರೊಂದನ್ನು ಜೋಡಿಸಿದರು. ಬಾರ್ಲೋನ ಕಮಾನಿನ ಪಕ್ಕದಲ್ಲಿ ಅದು ಸಪ್ಪೆಯೇ ಸರಿ.

ನೆಲಮಾಳಿಗೆಯ ಮಾತು ಹೇಳುತ್ತಿದ್ದೆ. ಮೇಲಿನ ನೆಲವನ್ನು ಅಲ್ಲಲ್ಲಿ ಕತ್ತರಿಸಿ ಕೆಳಕ್ಕೆ ಬೆಳಕು ಬಿಟ್ಟರು. ಪೀಪಾಯಿಗಳಿದ್ದೆಡೆ ಈಗ ಪಾಸ್‌ಪೋರ್ಟು ತಪಾಸಣೆ, ಪುಸ್ತಕದಂಗಡಿ, ಬಟ್ಟೆ, ಕಾಫಿ. ನಿಲ್ದಾಣವನ್ನು ಪೇಟೆ ಮಾಡಿಬಿಟ್ಟರೆಂದು ಯಾರಾದರೂ ಮೂಗು ಮುರಿದರೆ ನಾನಂತೂ ಒಪ್ಪಲಾರೆ. ವ್ಯಾಪಾರ ಅಲ್ಲಿಗೆ ಮೊನ್ನೆ ಮೊನ್ನೆ ನುಗ್ಗಿದ್ದಲ್ಲ. ಆ ಕಂಬಗಳು ನಿಂತಿರುವುದೇ ಅದರ ಲೆಕ್ಕದಲ್ಲಿ. ಹೋಟೆಲು ಕೂಡ 2011ರಲ್ಲಿ ಮತ್ತೆ ಬಾಗಿಲು ತೆರೆಯಿತು, ಈ ಬಾರಿ ಬಚ್ಚಲುಮನೆಗಳ ಸಮೇತ.