ವಾರ್ಧಕ್ಯದ ಬಗೆಗಿನ ಪೂರ್ವಗ್ರಹಗಳು

ವಾರ್ಧಕ್ಯದ ಬಗೆಗಿನ ಪೂರ್ವಗ್ರಹಗಳು ಎಂದರೆ, ವಯಸ್ಸೊಂದನ್ನೇ ಆಧಾರವಾಗಿಟ್ಟುಕೊಂಡು ವೃದ್ಧರೆಲ್ಲರೂ ಮರೆಗುಳಿಗಳು, ಅಶಕ್ತರು, ಪರಾವಲಂಬಿಗಳು ಎಂದು ಭಾವಿಸುವ ರೂಢಿಗತ ಕಲ್ಪನೆಗಳು. ಇವು ವೃದ್ಧರೊಡನೆ ಇತರರ ವರ್ತನೆಯನ್ನಷ್ಟೇ ಅಲ್ಲದೆ, ವೃದ್ಧರು ತಮ್ಮನ್ನು ತಾವು ಕಾಣುವ ಬಗೆಯನ್ನೂ ಅವರ ಆರೋಗ್ಯವನ್ನೂ ಪ್ರಭಾವಿಸುತ್ತವೆ.

ಪರಿಕಲ್ಪನೆ

ವಯಸ್ಸಿನ ಆಧಾರದ ತಾರತಮ್ಯವನ್ನು ಸೂಚಿಸುವ 'ಏಜಿಸಂ' (ವಯೋತಾರತಮ್ಯ) ಎಂಬ ಪದವನ್ನು ಅಮೆರಿಕದ ಮನೋವೈದ್ಯ ರಾಬರ್ಟ್ ಎನ್. ಬಟ್ಲರ್ ಅವರು 1969ರಲ್ಲಿ ಬಳಕೆಗೆ ತಂದರು. ಇತರ ಪೂರ್ವಗ್ರಹಗಳಿಗಿಂತ ಇದು ಒಂದು ಅಂಶದಲ್ಲಿ ಭಿನ್ನವಾಗಿದೆ. ಬಾಲ್ಯದಲ್ಲಿ ಅನ್ಯರ ಬಗ್ಗೆ ರೂಢಿಸಿಕೊಂಡ ಕಲ್ಪನೆಯು, ದೀರ್ಘಕಾಲ ಬದುಕಿದವರಿಗೆ ಕೊನೆಗೆ ತಮಗೇ ಅನ್ವಯವಾಗುತ್ತದೆ. ಈ ಪ್ರಕ್ರಿಯೆಯನ್ನು ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಅವರು 2009ರಲ್ಲಿ ಸಿದ್ಧಾಂತರೂಪದಲ್ಲಿ ನಿರೂಪಿಸಿದರು.

ಆರೋಗ್ಯದ ಮೇಲಿನ ಪರಿಣಾಮ

ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಓಹಾಯೋ ರಾಜ್ಯದ, 50 ವರ್ಷ ಹಾಗೂ ಅದಕ್ಕೂ ಮೇಲ್ಪಟ್ಟ 660 ಜನರನ್ನು ಕುರಿತದ್ದು. ತಮ್ಮ ವಾರ್ಧಕ್ಯದ ಬಗ್ಗೆ ಹೆಚ್ಚು ಸಕಾರಾತ್ಮಕ ಭಾವನೆ ಹೊಂದಿದ್ದವರು ಉಳಿದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ವಯಸ್ಸು, ಲಿಂಗ, ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿ, ಒಂಟಿತನ, ದೈಹಿಕ ಕ್ಷಮತೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ನಂತರವೂ ಈ ಸಂಬಂಧ ಉಳಿಯಿತು. ಆದರೆ ಇಂತಹ ಅಧ್ಯಯನಗಳು ಪರಸ್ಪರ ಸಂಬಂಧವನ್ನು ತೋರಿಸುತ್ತವೆಯೇ ಹೊರತು, ಕಾರಣವನ್ನು ಸಂಪೂರ್ಣವಾಗಿ ಸಿದ್ಧಪಡಿಸುವುದಿಲ್ಲ.

ಪೂರ್ವಗ್ರಹವು ಚಿಕಿತ್ಸೆಗೂ ಅಡ್ಡಿಯಾಗಬಲ್ಲದು. ಮರೆವಿಗೆ ಖಿನ್ನತೆ, ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ ಮುಂತಾದ ಚಿಕಿತ್ಸೆಸಾಧ್ಯ ಕಾರಣಗಳೂ ಇರುತ್ತವೆ. 'ವಯಸ್ಸಾಯಿತು, ಇನ್ನೇನು' ಎಂದು ರೋಗಿಯೋ ಮನೆಯವರೋ ವೈದ್ಯರೋ ಭಾವಿಸಿದಲ್ಲಿ, ಅವು ಪತ್ತೆಯಾಗದೆ ಉಳಿಯುತ್ತವೆ.

ಕನ್ನಡದಲ್ಲಿ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯು ವಯಸ್ಸಿನೊಡನೆ ಬುದ್ಧಿ ಕುಂದುವುದು ಅನಿವಾರ್ಯವೆಂಬ ನಂಬಿಕೆಯನ್ನು ಬಿಂಬಿಸುತ್ತದೆ. ಆದರೆ 'ಅರಳು' ಎಂಬುದಕ್ಕೆ ಹೂವಾಗಿ ಬಿರಿಯುವುದು ಎಂಬ ಅರ್ಥವೂ ಇದೆ. ಅರವತ್ತು ದಾಟಿದ್ದ ದ. ರಾ. ಬೇಂದ್ರೆಯವರಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಕವನಸಂಕಲನದ ಹೆಸರು 'ಅರಳು ಮರಳು'.

ನಿವಾರಣೆ

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ಜಗತ್ತಿನ ಪ್ರತಿ ಇಬ್ಬರಲ್ಲಿ ಒಬ್ಬರು ವೃದ್ಧರ ಬಗ್ಗೆ ಪೂರ್ವಗ್ರಹ ಹೊಂದಿದ್ದಾರೆ. ಇದನ್ನು ತಗ್ಗಿಸಲು ವರದಿಯು ಮೂರು ಮಾರ್ಗಗಳನ್ನು ಸೂಚಿಸಿದೆ: ಕಾನೂನು ಮತ್ತು ನೀತಿ, ಶಿಕ್ಷಣ, ಹಾಗೂ ವಿವಿಧ ತಲೆಮಾರುಗಳ ನಡುವಿನ ಒಡನಾಟ.